ಆರಲು ಇಟ್ಟ ಪದ

ಮಾರ್ಚ್ ೪, ಸೋಮವಾರ

ಇವತ್ತೂ ಅದೇ ಹಾಡು. ಅತ್ತೆಗೆ ಸ್ನಾನ ಮಾಡಿಸಿ, ಗಂಜಿ ಕೊಟ್ಟು, ವಾಕರ್ ಕೈಗೆಟುಕುವ ಹಾಗೆ ಮಂಚದ ಪಕ್ಕ ನಿಲ್ಲಿಸಿ, ಫ್ಲಾಸ್ಕಿಗೆ ಚಹಾ ತುಂಬಿ, ರೇಡಿಯೋ ಹಾಕಿ, ಮೂರು ಮಹಡಿ ಇಳಿದು ಬಸ್ ಸ್ಟಾಪಿಗೆ ಓಡುವಷ್ಟರಲ್ಲಿ ನನ್ನ ಕತೆ ಮುಗಿದಿರುತ್ತದೆ. ಆಮೇಲೆ ಆಫೀಸು ಅಂತ ಒಂದು ಬೇರೆ ಇದೆ. ಬಸ್ಸಿನಲ್ಲಿ ಸೀಟು ಸಿಕ್ಕರೆ ನಿದ್ದೆ, ಸಿಗದಿದ್ದರೆ ಕಂಬಿ ಹಿಡಿದುಕೊಂಡೇ ನಿದ್ದೆ.

ಅತ್ತೆ ಬಾತ್ರೂಮಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ದಿನದಿಂದ ಹೀಗೇ. ಆಪರೇಷನ್ ಚೆನ್ನಾಗಿಯೇ ಆಯಿತು, ವಾಕರ್ ಹಿಡಿದು ಮನೆಯೊಳಗೆ ನಡೆಯುತ್ತಾರೆ. ಮೆಟ್ಟಿಲು ಮಾತ್ರ ಇಳಿಯಲಾರರು. ಈ ಕಟ್ಟಡಕ್ಕೆ ಲಿಫ್ಟ್ ಇಲ್ಲ. ನನ್ನವರು ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ, ಒಬ್ಬರ ಮುಖ ಒಬ್ಬರು ನೋಡಿಕೊಂಡು.

ನಮ್ಮ ನಿಘಂಟು ಕಚೇರಿಯಲ್ಲಿ ಇಂಗ್ಲಿಷಿನ ಮೊದಲ ಅಕ್ಷರವೇ ಇನ್ನೂ ಮುಗಿದಿಲ್ಲ. ಸಂಪಾದಕರು ಇವತ್ತು ನನಗೆ ಕೊಟ್ಟ ಪದ ‘ಆಕ್ಸಿಸ್ಮಸ್’. ಅವರಿಗೆ ನಾವು ಇಟ್ಟಿರುವ ಹೆಸರು ಪೂರ್ಣವಿರಾಮ, ಏಕೆಂದರೆ ಅವರು ಬಾಯಿ ತೆರೆದರೆ ಚರ್ಚೆ ಅಲ್ಲಿಗೆ ನಿಲ್ಲುತ್ತದೆ. ಇಂಗ್ಲಿಷರೇ ಬಳಸದ ಪದ ನಮಗೇಕೆ ಎಂದು ಕೇಳಬೇಕೆನ್ನಿಸಿತು. ಕೇಳಲೂ ಶಕ್ತಿ ಬೇಕಲ್ಲ.

ಮಾರ್ಚ್ ೬, ಬುಧವಾರ

ಪದದ ಮೂಲ ಸಿಕ್ಕಿತು. ಬೇಕೆಂದು ಮನಸ್ಸು ಹಾತೊರೆಯುತ್ತಿರುವುದನ್ನೇ ಬಾಯಲ್ಲಿ ಬೇಡ ಎನ್ನುವುದು. ಗ್ರೀಕಿನಿಂದ ಬಂದದ್ದು. ಅಲ್ಲಿ ಅಕ್ಕೋ ಎಂಬ ಹೆಂಗಸಿದ್ದಳಂತೆ, ಅವಳ ಹೆಸರಿನಿಂದಲೇ ಈ ಪದ ಹುಟ್ಟಿತೆಂದು ಹಳಬರು ಹೇಳುತ್ತಾರೆ. ಕನ್ನಡಿಯಲ್ಲಿ ಕಾಣುವ ತನ್ನನ್ನೇ ಬೇರೆ ಯಾರೋ ಎಂದುಕೊಂಡು ಅವಳು ಹರಟೆ ಹೊಡೆಯುತ್ತಿದ್ದಳಂತೆ. ಮಕ್ಕಳನ್ನು ಹೆದರಿಸುವ ಗುಮ್ಮನಿಗೂ ಅದೇ ಹೆಸರಿತ್ತಂತೆ. ಪಾಪ, ಏನು ಪಾಪ ಮಾಡಿದ್ದಳೋ.

ನಾನು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ, “ಬಂದ್ಯಾ? ಇವತ್ತು ಯಾವ ಪದ?” ದಿನಾ ಇದೇ ಪ್ರಶ್ನೆ. ಕೆಲವು ದಿನ ಈ ಪ್ರಶ್ನೆಗೇ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ದಿನವಿಡೀ ಪದ, ಮನೆಗೆ ಬಂದರೂ ಪದ. ಆದರೂ ಹೇಳಿದೆ.

“ಅಯ್ಯೋ, ಇದಕ್ಕೊಂದು ಇಂಗ್ಲಿಷ್ ಪದ ಬೇರೆ ಬೇಕಾ?” ಅಂದರು ಅತ್ತೆ. “ನಾನು ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತು ಇಡೀ ಜನ್ಮ ಇದನ್ನೇ ಕೇಳಿದೀನಿ. ಟ್ರಂಕ್ ಕಾಲ್ ಅಂದ್ರೆ ಮೂರು ನಿಮಿಷ. ಎರಡೂವರೆ ನಿಮಿಷ ‘ಹೇಗಿದೀರಾ, ನಾವೆಲ್ಲ ಚೆನ್ನಾಗಿದೀವಿ, ನೀವೇನೂ ಕಳಿಸ್ಬೇಡಿ’ ಅಂತಿದ್ರು. ನಿಜವಾದ ಮಾತು ಬಾಯಿಗೆ ಬರೋ ಹೊತ್ತಿಗೆ ನಾನು ಲೈನ್ ಕಟ್ ಮಾಡ್ಬೇಕಾಗ್ತಿತ್ತು.”

“ಪಾಪ ಅನ್ನಿಸ್ತಿರಲಿಲ್ವಾ?”

“ಅನ್ನಿಸ್ತಿತ್ತು. ಅದಕ್ಕೇ ನೋಡು, ನನಗೆ ಬೇಕಂದ್ರೆ ಬೇಕು, ಬೇಡಂದ್ರೆ ಬೇಡ. ಈ ಗಂಜಿ ನನಗೆ ಬೇಡ.”

ತಟ್ಟೆ ತಳ್ಳಿಬಿಟ್ಟರು. ಇನ್ನು ಬೇರೇನಾದರೂ ಮಾಡಬೇಕಲ್ಲ ಎಂದು ಒಲೆಯ ಮುಂದೆ ನಿಂತುಕೊಂಡೇ ಒಂದು ಸಲ ಅತ್ತುಬಿಟ್ಟೆ. ಈರುಳ್ಳಿ ಹೆಚ್ಚುತ್ತಿದ್ದದ್ದು ಒಳ್ಳೆಯದಾಯಿತು.

ಮಾರ್ಚ್ ೯, ಶನಿವಾರ

ಪದ ನನಗೆ ಹತ್ತಿಕೊಂಡಿದೆ. ಇದು ನಮ್ಮ ಕಚೇರಿಯ ಹಳೆಯ ಕಾಯಿಲೆ. ಅಪರೂಪದ ಪದವೊಂದರ ಜೊತೆ ಒಂದೆರಡು ದಿನ ಕೂತವರಿಗೆ ನೋಡಿದಲ್ಲೆಲ್ಲ ಅದೇ ಕಾಣತೊಡಗುತ್ತದೆ. ನನ್ನ ಎದುರು ಟೇಬಲಿನವರು ಯಾವುದೋ ಪಿತ್ತಕೋಶದ ಕಾಯಿಲೆಗೆ ಅರ್ಥ ಬರೆಯುತ್ತ ಬರೆಯುತ್ತ ಡಾಕ್ಟರ ಹತ್ತಿರ ಓಡಿದ್ದರು. ಅದಕ್ಕೇ ಪೂರ್ಣವಿರಾಮದ ಕಟ್ಟುನಿಟ್ಟಿನ ಕ್ರಮ: ಬರೆದ ಕಾರ್ಡನ್ನು ಕಿಟಕಿಯ ಬಳಿಯ ಟ್ರೇಯಲ್ಲಿ ಇಡಬೇಕು. ಅದಕ್ಕೆ ಆರಲು ಇಡುವುದು ಎನ್ನುತ್ತೇವೆ. ಬರೆದವರ ತಲೆಯಿಂದ ಪದ ಇಳಿದ ಮೇಲೆಯೇ ಕಾರ್ಡಿಗೆ ಸಹಿ. ಇನ್ನೊಂದು ಕ್ರಮ, ಉದಾಹರಣೆಯ ವಾಕ್ಯವನ್ನು ಕೂತಲ್ಲೇ ಹೊಸೆಯುವ ಹಾಗಿಲ್ಲ. ಕಿವಿಯಾರೆ ಕೇಳಿದ್ದಾಗಿರಬೇಕು.

ನನಗೆ ಈಗ ಎಲ್ಲೆಲ್ಲೂ ಆಕ್ಸಿಸ್ಮಸ್. ಟೈಪಿಸ್ಟ್ ಕೊನೆಯ ಬಿಸ್ಕತ್ತು ಬೇಡ ಬೇಡ ಎನ್ನುತ್ತ ಅದನ್ನೇ ದಿಟ್ಟಿಸುತ್ತಿದ್ದಳು. ಎದುರು ಟೇಬಲಿನವರು ಸನ್ಮಾನ ಗಿನ್ಮಾನ ನನಗಾಗಲ್ಲಪ್ಪ ಎನ್ನುತ್ತ ಹೊಸ ಶರ್ಟಿನ ಮಡಿಕೆ ನೀವಿಕೊಳ್ಳುತ್ತಿದ್ದರು. ಒಳಗೊಳಗೇ ನಕ್ಕೆ.

ಮಧ್ಯಾಹ್ನ ಪೂರ್ಣವಿರಾಮ ಕರೆದು, “ಮೇಡಂ, ನಿಮ್ಮ ಮುಖ ನೋಡೋಕಾಗ್ತಿಲ್ಲ. ಒಂದಷ್ಟು ದಿನ ಅರ್ಧ ದಿನ ಬನ್ನಿ ಸಾಕು. ಉಳಿದದ್ದು ಮನೇಲೇ ಕೂತು ಬರೀರಿ” ಅಂದರು. “ಬೇಡ ಸರ್, ನಿಭಾಯಿಸ್ತೀನಿ, ನನಗೇನೂ ತೊಂದರೆ ಇಲ್ಲ” ಅಂದೆ. ನನಗೇಕೆ ಇನ್ನೊಬ್ಬರ ಹಂಗು. ಆಮೇಲೆ ಹೋಗಿ ಮುಖ ತೊಳೆದುಕೊಂಡು ಬಂದೆ, ಸ್ವಲ್ಪ ಹೊತ್ತು ನಲ್ಲಿ ಹಾಗೇ ಬಿಟ್ಟುಕೊಂಡು ನಿಂತಿದ್ದೆ.

ಮಾರ್ಚ್ ೧೦, ಭಾನುವಾರ

ನಾದಿನಿ ಬಂದಿದ್ದಳು, ಗಂಡನ ಜೊತೆ, ಬೇರೆ ಊರಿನಿಂದ ಕಾರಿನಲ್ಲಿ. ಬಂದವಳೇ ಅಮ್ಮನ ಕಾಲು ಒತ್ತುತ್ತ ಕೂತಳು. ಕೂತಲ್ಲಿಂದಲೇ ವಿಷಯ ತೆಗೆದಳು. ಅವರ ಹೊಸ ಮನೆ ನೆಲಮಹಡಿಯಲ್ಲಿದೆ. ಅಮ್ಮನಿಗೆಂದೇ ಒಂದು ಕೋಣೆ ಸಜ್ಜುಮಾಡಿಸಿದ್ದಾಳೆ. ಬಾಗಿಲು ತೆರೆದರೆ ಅಂಗಳ. ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸನ್ನೂ ಗೊತ್ತುಮಾಡಿದ್ದಾಳೆ.

“ಸ್ವಲ್ಪ ದಿನಕ್ಕಲ್ಲಮ್ಮಾ, ಇನ್ನು ಅಲ್ಲೇ ಇದ್ದುಬಿಡು. ಅತ್ತಿಗೆ ಒಬ್ಬರೇ ಎಷ್ಟು ಅಂತ ಮಾಡ್ತಾರೆ?”

“ಬೇಡ,” ಅಂದರು ಅತ್ತೆ.

“ಯಾಕಮ್ಮಾ?”

“ನಾನು ಇಲ್ಲೇ ಇರ್ತೀನಿ.”

ಅಷ್ಟೇ. ರೇಡಿಯೋದ ಧ್ವನಿ ಏರಿಸಿಬಿಟ್ಟರು. ನಾದಿನಿ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡಳು. “ನೀವಾದ್ರೂ ಹೇಳಿ ಅತ್ತಿಗೆ. ನಿಮ್ಮನ್ನ ಬಿಟ್ಟು ಬಂದ್ರೆ ನಿಮಗೆ ಬೇಜಾರಾಗತ್ತೆ ಅಂತ ಅಮ್ಮನಿಗೆ ಸಂಕೋಚ.”

“ಅಯ್ಯೋ, ನನಗೇನು ಬೇಜಾರು?” ಅಂದೆ. ಎಷ್ಟು ಬೇಗ ಅಂದೆನೆಂದರೆ ಅವಳು ಇನ್ನೂ ಮಾತು ಮುಗಿಸಿರಲಿಲ್ಲ.

ಮಾರ್ಚ್ ೧೪, ಗುರುವಾರ

ಯೋಚಿಸಿದಷ್ಟೂ ನಾದಿನಿ ಹೇಳಿದ್ದೇ ಸರಿ ಅನ್ನಿಸುತ್ತಿದೆ. ಹೆತ್ತ ಮಗಳು, ಅಂಗಳವಿರುವ ಮನೆ, ಹಗಲೆಲ್ಲ ಮಾತಿಗೆ ಜನ. ಇಲ್ಲಿ ಏನಿದೆ? ಮೂರನೇ ಮಹಡಿಯ ಕಿಟಕಿ, ಎದುರು ಕಟ್ಟಡದ ನೀರಿನ ಟ್ಯಾಂಕು, ಸಂಜೆ ಸುಸ್ತಾಗಿ ಮುಖ ಗಂಟು ಹಾಕಿಕೊಂಡು ಬರುವ ಸೊಸೆ. ಯಾರಿಗೆ ತಾನೇ ಹೋಗಬೇಕೆನ್ನಿಸದು? ಬಾಯಿಬಿಟ್ಟು ಹೇಳಿದರೆ ಇಷ್ಟು ವರ್ಷ ನೋಡಿಕೊಂಡ ನನಗೆ ಅವಮಾನವಾದೀತು ಎಂದು ಬೇಡ ಅನ್ನುತ್ತಿದ್ದಾರೆ. ಇದಕ್ಕಿಂತ ಒಳ್ಳೆಯ ಆಕ್ಸಿಸ್ಮಸ್ ಎಲ್ಲಿ ಸಿಗುತ್ತದೆ?

ಆಫೀಸಿನಲ್ಲಿ ಕಾರ್ಡಿನ ಮೇಲೆ ಉದಾಹರಣೆ ಬರೆದೆ: ‘ಮಗಳು ಕರೆದಾಗ ತಾಯಿ, ಬೇಡ, ನಾನು ಇಲ್ಲೇ ಇರ್ತೀನಿ, ಎಂದಳು.’ ಬರೆದು ಟ್ರೇಯಲ್ಲಿ ಆರಲು ಇಟ್ಟೆ. ಬಹಳ ದಿನಗಳ ನಂತರ ಒಂದು ಕೆಲಸ ಸರಿಯಾಗಿ ಮಾಡಿದ ಸಮಾಧಾನವಾಯಿತು.

ಮಾರ್ಚ್ ೧೭, ಭಾನುವಾರ

ಇವತ್ತು ಅತ್ತೆಯ ತಲೆ ಬಾಚುತ್ತ ನಾನೇ ಮಾತು ಎತ್ತಿದೆ. ಎದುರಿಗೆ ಮುಖ ನೋಡಿಕೊಂಡು ಹೇಳುವುದಕ್ಕಿಂತ ಬೆನ್ನ ಹಿಂದೆ ನಿಂತು ಹೇಳುವುದು ಸಲೀಸು.

“ಸಂಕೋಚ ಮಾಡ್ಕೋಬೇಡಿ ಅತ್ತೆ. ಹೋಗ್ಬನ್ನಿ. ನನಗೆ ಏನೂ ಅನ್ಸಲ್ಲ.”

“ಏನೂ ಅನ್ಸಲ್ವಾ?”

“ಇಲ್ಲ. ನಿಜವಾಗ್ಲೂ.”

ಬಾಚಣಿಗೆಗೆ ಕೂದಲು ಸಿಕ್ಕಿಕೊಂಡಿತ್ತು, ಬಿಡಿಸುತ್ತಿದ್ದೆ. ಆಮೇಲೆ ಕೇಳಿದರು, “ನಾನು ಇಲ್ಲೇ ಇರ್ಲಾ, ಹೋಗ್ಲಾ? ನೀನು ಹೇಳು.”

“ನಿಮ್ಮಿಷ್ಟ ಅತ್ತೆ,” ಅಂದೆ.

“ನನ್ನಿಷ್ಟ ಅವತ್ತೇ ಹೇಳಿದೀನಲ್ಲ. ನಿನ್ನಿಷ್ಟ ಕೇಳ್ತಿದೀನಿ.”

“ನಿಮಗೆ ಯಾವುದು ಅನುಕೂಲವೋ ಅದೇ ನನ್ನಿಷ್ಟ.”

“ಸರಿ ಹಾಗಾದ್ರೆ,” ಅಂದರು. “ಅವಳಿಗೆ ಫೋನ್ ಮಾಡು. ಬಂದು ಕರ್ಕೊಂಡು ಹೋಗ್ಲಿ.”

ನೋಡಿದೆಯಾ, ಒಂದು ಸ್ವಲ್ಪ ಒತ್ತಾಯ ಮಾಡಿದ್ದಕ್ಕೆ ಒಪ್ಪಿಕೊಂಡರು. ಇಷ್ಟು ಸುಲಭವಿತ್ತು. ನಾದಿನಿ ಫೋನಿನಲ್ಲಿ ಖುಷಿಯಿಂದ ಅತ್ತುಬಿಟ್ಟಳು. ಅತ್ತೆ ರಾತ್ರಿ ಊಟ ಬೇಡ ಎಂದರು. ಹೊಟ್ಟೆ ಸರಿಯಿಲ್ಲವಂತೆ.

ಮಾರ್ಚ್ ೧೮, ಸೋಮವಾರ

ಸುಸ್ತು. ಅತ್ತೆ ಇವತ್ತು ಯಾವ ಪದ ಎಂದು ಕೇಳಲಿಲ್ಲ. ಒಂದು ಕಾಟ ತಪ್ಪಿತು.

ಮಾರ್ಚ್ ೨೩, ಶನಿವಾರ

ಅತ್ತೆಯ ಬಟ್ಟೆ ಜೋಡಿಸಿದೆ. ಎರಡು ಸೂಟ್‌ಕೇಸು ತಂದಿಟ್ಟಿದ್ದೆ, ಒಂದು ತುಂಬುವಷ್ಟರಲ್ಲೇ ಎಲ್ಲ ಮುಗಿಯಿತು. ಒಂದು ಜೀವಕ್ಕೆ ಇಷ್ಟೇನಾ ಎಂದು ಅಲ್ಲೇ ಕೂತುಬಿಟ್ಟೆ. ಸ್ವೆಟರು ಬೇಡವಂತೆ, ಇಲ್ಲೇ ಇರಲಿ ಅಂದರು. ಹಳೆಯ ಕನ್ನಡಕವೂ ಇಲ್ಲೇ ಇರಲಿ ಅಂದರು. ರೇಡಿಯೋವನ್ನೂ ಬಿಟ್ಟು ಹೋಗುತ್ತಾರಂತೆ. “ನೀನು ಒಬ್ಬಳೇ ಇರ್ತೀಯ, ಸದ್ದಿಗಾದ್ರೂ ಆಗತ್ತೆ.” ನನಗೆ ಆ ರೇಡಿಯೋ ಕಂಡರಾಗದು ಎಂದು ಅವರಿಗೆ ಗೊತ್ತಿಲ್ಲವೇ? ಬೇಡ ಅತ್ತೆ ಅಂದೆ. ಅವರು ಕೇಳಿಸಿಕೊಳ್ಳಲಿಲ್ಲ.

ಮಾತ್ರೆಗಳನ್ನು ಬೆಳಿಗ್ಗೆಯದು ಬೇರೆ, ರಾತ್ರಿಯದು ಬೇರೆ ಡಬ್ಬಿಗೆ ಹಾಕಿದೆ. ನಾದಿನಿಗೆ ಹೇಳಬೇಕು: ಎಡಗೈ ಆಸರೆ ಕೊಟ್ಟರೆ ಸಾಕು, ಬಲಗೈ ಹಿಡಿದರೆ ಸಿಟ್ಟು ಬರುತ್ತದೆ. ಚಹಾ ಮುಕ್ಕಾಲು ಲೋಟ. ಪೂರ್ತಿ ಕೊಟ್ಟರೆ ಕೈ ನಡುಗಿ ಚೆಲ್ಲುತ್ತದೆ, ಚೆಲ್ಲಿದರೆ ಇಡೀ ದಿನ ಮಂಕಾಗುತ್ತಾರೆ. ಮಳೆ ಬರುವ ಹಾಗಿದ್ದರೆ ಸೊಂಟ ಹಿಡಿದುಕೊಳ್ಳುತ್ತದೆ, ಆದರೆ ಅವರಾಗಿ ಹೇಳುವುದಿಲ್ಲ, ಹಾಸಿಗೆಯ ಮೇಲೆ ಬೆರಳು ಬಡಿಯುತ್ತಾರೆ, ಅದನ್ನು ನೋಡಿ ತಿಳಿಯಬೇಕು. ಇದನ್ನೆಲ್ಲ ಹೇಗೆ ಹೇಳುವುದು. ಹೇಳುತ್ತ ಹೋದರೆ ಅವಳ ಮೇಲೆ ನಂಬಿಕೆಯಿಲ್ಲ ಅಂದುಕೊಂಡಾಳು.

ಮಾರ್ಚ್ ೨೪, ಭಾನುವಾರ

ಹೋದರು. ಕುರ್ಚಿಯಲ್ಲಿ ಕೂರಿಸಿ, ನಾದಿನಿಯ ಗಂಡ ಒಂದು ಕಡೆ, ಅವರ ಡ್ರೈವರ್ ಒಂದು ಕಡೆ ಹಿಡಿದು ಇಳಿಸಿದರು. ಕೆಳಮನೆಯ ಎಲೆಕ್ಟ್ರಿಷಿಯನ್ ಬಾಗಿಲಿಗೆ ಬಂದು, “ನಾನೂ ಒಂದು ಕೈ ಹಾಕ್ಲಾ ಅಕ್ಕಾ?” ಅಂದ. ಬೇಡಪ್ಪ, ಆಗತ್ತೆ ಅಂದೆ. ಅತ್ತೆ ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಭಯಕ್ಕೆ ಇರಬೇಕು.

ಕಾರಿನ ಕಿಟಕಿಯಿಂದ, “ಗ್ಯಾಸ್ ಆಫ್ ಮಾಡಿದ್ಯಾ?” ಅಂದರು. ಮಾಡಿದೀನಿ ಅಂದೆ. ಕಾರು ಹೊರಟಿತು.

ಮಾರ್ಚ್ ೨೮, ಗುರುವಾರ

ನಿದ್ದೆ ಮಾಡಿದೆ. ಬೆಳಿಗ್ಗೆ ಯಾರನ್ನೂ ಎಬ್ಬಿಸಬೇಕಿಲ್ಲ, ಯಾರಿಗೂ ಗಂಜಿ ಬೇಕಿಲ್ಲ. ಇದಕ್ಕಾಗಿ ಎಷ್ಟು ದಿನ ಬಾಯಿಬಾಯಿ ಬಿಡುತ್ತಿದ್ದೆ. ಆದರೂ ಈ ಸುಸ್ತು ಮೈ ಬಿಟ್ಟು ಹೋಗುತ್ತಿಲ್ಲ. ಒಬ್ಬಳಿಗೆ ಅಡುಗೆ ಮಾಡಲು ಬೇಸರವಾಗಿ ಮೂರು ದಿನದಿಂದ ಬ್ರೆಡ್ಡು ತಿನ್ನುತ್ತಿದ್ದೇನೆ. ಸಂಜೆ ಬೀಗ ತೆಗೆದು ಒಳಗೆ ಬಂದರೆ ಮನೆ ಸುಮ್ಮನೆ ನನ್ನನ್ನೇ ನೋಡುತ್ತದೆ. ರೇಡಿಯೋ ಹಾಕುತ್ತೇನೆ. ಕೇಳುವುದಿಲ್ಲ, ಹಾಕಿರುತ್ತೇನೆ ಅಷ್ಟೇ.

ಇವತ್ತು ಪೂರ್ಣವಿರಾಮ ಟ್ರೇಯಿಂದ ನನ್ನ ಕಾರ್ಡ್ ತೆಗೆದುಕೊಂಡು ಟೇಬಲಿನ ಬಳಿ ಬಂದರು.

“ಪದ ಇಳೀತಾ ಮೇಡಂ?”

“ಇಳೀತು ಸರ್. ಸಹಿ ಹಾಕಿ.”

ಅವರು ಉದಾಹರಣೆಯನ್ನು ಎರಡು ಸಲ ಓದಿದರು. “ಇದು ಆಕ್ಸಿಸ್ಮಸ್ಸೇ ಅಂತ ಓದೋರಿಗೆ ಹೇಗೆ ಗೊತ್ತಾಗಬೇಕು? ಬರೀ ಬೇಡ ಅಂದಿರಬಹುದಲ್ಲ? ಕೊಟ್ಟಾಗ ಮುಖ ಅರಳಿದ್ರೆ ತಾನೇ ಆ ಬೇಡ ಸುಳ್ಳು? ಆ ತಾಯಿ ಆಮೇಲೆ ಮಗಳ ಮನೆಗೆ ಹೋದರಾ?”

“ಹೋದರು.”

“ಖುಷಿಯಿಂದ ಹೋದರಾ?”

ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ ಮುಖ ಕಣ್ಣಿಗೆ ಬಂತು. ಅವರು ಕಾರ್ಡನ್ನು ನನ್ನ ಮುಂದಿಟ್ಟು, “ಇನ್ನೂ ಇಳಿದಿಲ್ಲ ಬಿಡಿ, ಆರ್‍ಲಿ” ಎಂದು ಹೊರಟುಹೋದರು.

ಮಧ್ಯಾಹ್ನವೆಲ್ಲ ಅದನ್ನೇ ನೋಡುತ್ತ ಕೂತೆ. ಅತ್ತೆ ಎರಡು ಸಲ ಹೇಳಿದ್ದರು. ಬೇಡ ಅಂದರು, ಇಲ್ಲೇ ಇರ್ತೀನಿ ಅಂದರು. ಇದಕ್ಕಿಂತ ಸ್ಪಷ್ಟವಾಗಿ ಒಬ್ಬ ಮನುಷ್ಯ ಇನ್ನೇನು ಹೇಳಬೇಕು? ನನ್ನನ್ನೇ ನೇರವಾಗಿ ಕೇಳಿದರು, ಇರ್ಲಾ ಅಂತ. ನಾನು ಕೂದಲಿನ ಸಿಕ್ಕು ಬಿಡಿಸುತ್ತ ನಿಮ್ಮಿಷ್ಟ ಅಂದೆ. ಉದಾಹರಣೆಯ ಸಾಲಿನ ಮೇಲೆ ಗೀಟು ಎಳೆದೆ. ಬದಲಿಗೆ ಏನು ಬರೆಯಬೇಕೆಂದು ತೋಚಲಿಲ್ಲ.

ಏಪ್ರಿಲ್ ೩, ಬುಧವಾರ

ಅತ್ತೆಗೆ ಫೋನ್ ಮಾಡಿದೆ. ನಾದಿನಿ ಕೊಟ್ಟಳು.

“ಹೇಗಿದೀರಾ ಅತ್ತೆ?”

“ಚೆನ್ನಾಗಿದೀನಿ. ಇಲ್ಲಿ ಎಲ್ಲ ಚೆನ್ನಾಗಿದೆ. ಅಂಗಳ ಇದೆ. ಒಳ್ಳೆ ಗಾಳಿ. ನೀನು ಹೇಗಿದೀಯಾ? ಸರಿಯಾಗಿ ಊಟ ಮಾಡ್ತೀಯಾ?”

“ಮಾಡ್ತೀನಿ.”

“ನನ್ನ ಬಗ್ಗೆ ಯೋಚ್ನೆ ಮಾಡ್ಬೇಡ. ಇಲ್ಲೇನೂ ಕಡಿಮೆ ಇಲ್ಲ.”

“ಭಾನುವಾರ ಬಂದು ನೋಡ್ಕೊಂಡು ಹೋಗ್ಲಾ?”

“ಬೇಡ ಬೇಡ, ಬರ್ಬೇಡ. ನಾಲ್ಕು ಗಂಟೆ ಬಸ್ಸು. ಮೊದಲೇ ದಣಿದಿರ್ತೀಯ. ಸುಮ್ನೆ ಯಾಕೆ. ಬೇಡ.”

ಅತ್ತೆ ಯಾವತ್ತೂ ಒಂದು ಬೇಡಕ್ಕೆ ಎರಡು ಬೇಡ ಸೇರಿಸಿದವರಲ್ಲ. ಕಾರಣ ಕೊಟ್ಟವರೂ ಅಲ್ಲ. ಇವತ್ತು ಕೊಟ್ಟುಕೊಂಡೇ ಹೋದರು. ಸರಿ ಅತ್ತೆ ಅಂದೆ. ಆ ಕಡೆಯಿಂದ ಫೋನ್ ಇಡುವ ಸದ್ದು ಬರಲಿಲ್ಲ. ನಾನೂ ಇಡಲಿಲ್ಲ. ಎಷ್ಟು ಹೊತ್ತು ಹಾಗೇ ಹಿಡಿದುಕೊಂಡಿದ್ದೆವೋ ಗೊತ್ತಿಲ್ಲ.

ಆದರೆ ಇನ್ನೊಬ್ಬರ ಮನಸ್ಸನ್ನು ಓದುವುದರಲ್ಲಿ ನನ್ನ ಮೇಲೆ ನನಗೀಗ ಎಳ್ಳಷ್ಟೂ ನಂಬಿಕೆಯಿಲ್ಲ. ಒಂದು ಸಲ ನಿಜವನ್ನು ಸುಳ್ಳೆಂದು ಓದಿದವಳು ನಾನು.

ಏಪ್ರಿಲ್ ೫, ಶುಕ್ರವಾರ

ಪೂರ್ಣವಿರಾಮದ ಕೋಣೆಗೆ ಹೋಗಿ, “ಸರ್, ಅವತ್ತು ಅರ್ಧ ದಿನ ಅಂದಿದ್ರಲ್ಲ, ಅದು ಇನ್ನೂ ಇದೆಯಾ?” ಅಂದೆ. “ಅತ್ತೆ ಮಗಳ ಮನೆಗೆ ಹೋದರು ಅಂದಿದ್ರಿ?” ಅಂದರು. ಹೌದು ಸರ್, ಆದರೂ ಬೇಕು ಅಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಹೂಂ ಅಂದರು.

ಸಂಜೆ ಮನೆಗೆ ಬರುವಾಗ ಕೆಳಮನೆಯ ಬಾಗಿಲು ತಟ್ಟಿ ಎಲೆಕ್ಟ್ರಿಷಿಯನ್ನಿಗೆ ಹೇಳಿಬಂದೆ, ಭಾನುವಾರ ಸಂಜೆ ಮನೆಯಲ್ಲೇ ಇರಪ್ಪ, ಒಂದು ಕುರ್ಚಿ ಎತ್ತಬೇಕಾಗಬಹುದು ಎಂದು. ಆಗದೆಯೂ ಇರಬಹುದು.

ಏಪ್ರಿಲ್ ೭, ಭಾನುವಾರ

ಮೊದಲ ಬಸ್ಸಿಗೇ ಹೊರಟೆ. ದಾರಿಯುದ್ದಕ್ಕೂ ಕಾರಣಗಳನ್ನು ಜೋಡಿಸಿಕೊಂಡೆ. ಸೊಂಟದ ಡಾಕ್ಟರು ನಮ್ಮ ಊರಿನಲ್ಲೇ ಇದ್ದಾರೆ, ಫಿಸಿಯೋಥೆರಪಿಗೆ ಅಲ್ಲೇ ಹತ್ತಿರ, ನಾದಿನಿಗೂ ಕೆಲಸವಿದೆ. ಎಲ್ಲವೂ ನಿಜ, ಯಾವುದೂ ಕಾರಣವಲ್ಲ.

ನಾದಿನಿಯ ಮನೆ ಅವಳು ಹೇಳಿದ್ದಕ್ಕಿಂತ ಚೆನ್ನಾಗಿದೆ. ಅತ್ತೆಯ ಕೋಣೆಯಲ್ಲಿ ಬೆಳಕು ಬೇಕಾದಷ್ಟಿದೆ. ಅತ್ತೆ ಮಂಚದ ಅಂಚಿನಲ್ಲಿ, ಬೇರೆಯವರ ಮನೆಗೆ ಬಂದವರ ಹಾಗೆ ಕೈ ಮಡಚಿಕೊಂಡು ಕೂತಿದ್ದರು. ನನ್ನನ್ನು ನೋಡಿದ ಕೂಡಲೇ, “ಬರ್ಬೇಡ ಅಂದಿದ್ನಲ್ಲ,” ಅಂದರು.

“ಅಂದಿದ್ರಿ.”

“ಮತ್ತೆ?”

ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಎಲ್ಲಿ ಹೋಯಿತೋ. “ಅತ್ತೆ, ನನಗೆ ನೀವು ಬೇಕು,” ಅಂದೆ. “ಅವತ್ತು ನೀವು ಕೇಳಿದಾಗ ನಾನು ಸುಳ್ಳು ಹೇಳಿದೆ. ಮನೆಗೆ ಬನ್ನಿ.”

ಬಾಗಿಲಲ್ಲಿ ನಾದಿನಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. “ನಾನೇನು ಕಡಿಮೆ ಮಾಡಿದೆ ಅತ್ತಿಗೆ?” ಅಂದಳು. ಏನೂ ಕಡಿಮೆ ಮಾಡಿಲ್ಲಮ್ಮ ಅಂದೆ, ನಿಜಕ್ಕೂ ಮಾಡಿರಲಿಲ್ಲ. ಅದಕ್ಕಿಂತ ಹೆಚ್ಚಿನ ಸಮಾಧಾನ ನನ್ನ ಹತ್ತಿರ ಇರಲಿಲ್ಲ. ಅವಳು ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಅಲ್ಲೇ ನಿಂತಳು.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಿನ್ ಕೈಲಿ ಆಗಲ್ಲ ಕಣೇ. ಹೇಗೆ ಸೊರಗಿದೀಯ ನೋಡು. ನಾನಿದ್ರೆ ಇನ್ನೂ ಸುಸ್ತು.”

“ಸುಸ್ತಾಗತ್ತೆ,” ಅಂದೆ. “ನಿಮ್ಮ ಮೇಲೆ ರೇಗ್ತೀನಿ. ಒಲೆ ಮುಂದೆ ನಿಂತು ಅಳ್ತೀನಿ. ಆದ್ರೂ ಬನ್ನಿ.”

“ಬೇಡ,” ಅಂದರು ಅತ್ತೆ.

ಇದು ಯಾವ ಬೇಡ? ಮುಖ ನೋಡಿದೆ, ಏನೂ ತಿಳಿಯಲಿಲ್ಲ. ಇಷ್ಟು ವರ್ಷ ಪದಗಳಿಗೆ ಅರ್ಥ ಹೇಳಿ ಹೊಟ್ಟೆ ಹೊರೆದುಕೊಂಡವಳು, ಈ ಒಂದು ಪದದ ಮುಂದೆ ಕೈಚೆಲ್ಲಿ ನಿಂತೆ. ಇದು ನಿಜವಾದ ಬೇಡವಾಗಿದ್ದರೆ ಈ ಸಲ ಮರುಮಾತಾಡದೆ ಒಪ್ಪಿಕೊಂಡು ವಾಪಸ್ಸಿನ ಬಸ್ಸು ಹತ್ತಬೇಕು ಎಂದು ಮನಸ್ಸು ಗಟ್ಟಿಮಾಡಿಕೊಂಡೆ.

“ಬೇಡ ಅಂದ್ರೆ ಕೇಳಲ್ವಲ್ಲ ನೀನು. ಇಷ್ಟು ದೂರ ಬಂದುಬಿಟ್ಟೆ. ಬೇಡ ಕಣೇ, ಸುಮ್ನೆ ಯಾಕೆ ತೊಂದರೆ,” ಎನ್ನುತ್ತಲೇ ಇದ್ದರು. ಬಗ್ಗಬಾರದೆಂದು ಡಾಕ್ಟರು ಹೇಳಿದ್ದಾರಲ್ಲ, ಅದಕ್ಕೆ ನೆಟ್ಟಗೆ ಕೂತುಕೊಂಡೇ ಕಾಲನ್ನು ಮಂಚದ ಕೆಳಗೆ ಆಡಿಸುತ್ತಿದ್ದರು. ನೋಡಿದರೆ ಅವಸರದಲ್ಲಿ ಬಲಗಾಲಿನ ಚಪ್ಪಲಿಯನ್ನು ಎಡಗಾಲಿಗೆ ಸಿಕ್ಕಿಸಿಕೊಂಡು, ಇನ್ನೊಂದಕ್ಕೆ ತಡಕಾಡುತ್ತಿದ್ದರು.

ನೆಲದ ಮೇಲೆ ಕೂತು ನಾನು ಚಪ್ಪಲಿ ಸರಿಮಾಡಿ ಹಾಕಿದೆ.